ಬ್ರೇಕು ಕೆಂಚಯ್ಯನ ಸುಣ್ಣದ ಗೆರೆ

ಅರವತ್ತಾರನೇ ಇಸವಿಯ ಹೊತ್ತಿಗೆ ಹೊಳೆನರಸೀಪುರದಲ್ಲಿ ಮೂರು ಚಕ್ರದ ಮೋಟಾರ್ ಸೈಕಲ್ ಇದ್ದದ್ದು ಎಣಿಸಿ ನಾಲ್ಕು. ಮುಂದೆ ಸ್ಕೂಟರಿನ ಮೂತಿ, ಹಿಂದೆ ತಗಡಿನ ಪೆಟ್ಟಿಗೆ, ತಲೆಯ ಮೇಲೆ ಕ್ಯಾನ್ವಾಸಿನ ಟಾಪು. ಅದು ಬಂತೆಂದರೆ ಅರ್ಧ ಬೀದಿ ಹೊಗೆ, ಇನ್ನರ್ಧ ಬೀದಿ ಸದ್ದು. ಓಡಿಸುವವರ ಗತ್ತಂತೂ ಕೇಳಲೇಬೇಡಿ, ಸಾರೋಟಿನಲ್ಲಿ ಕೂತ ಜಹಗೀರುದಾರರಿಗೂ ಅಷ್ಟು ಇದ್ದಿರಲಾರದು. ಆದರೆ ಆ ನಾಲ್ಕು ಗಾಡಿಗಳೂ ನಿಲ್ಲಬೇಕಾದ ಕಡೆ ನಿಲ್ಲುತ್ತಿದ್ದದ್ದು ಒಬ್ಬನೇ ಒಬ್ಬ ಮನುಷ್ಯನ ಕೈಗುಣದಿಂದ. ಅವನು ಹಳೇಕೋಟೆ ಕಡೆಯ ಕೆಂಚಯ್ಯ. ಊರವರ ಬಾಯಲ್ಲಿ ಬ್ರೇಕು ಕೆಂಚಯ್ಯ.

ಹೊಳೆಗೆ ಇಳಿಯುವ ರಸ್ತೆಯ ನೆತ್ತಿಯಲ್ಲಿ ಒಂದು ಹುಣಸೆಮರ. ಅದರ ಬುಡವೇ ಅವನ ಅಂಗಡಿ. ಒಂದು ಹಲಗೆ, ಇಟ್ಟು ಬಡಿಯಲು ಒಂದು ಕಬ್ಬಿಣದ ಅಡಿಗಲ್ಲು, ಗಾಡಿಯನ್ನು ಎತ್ತಿ ನಿಲ್ಲಿಸಲು ಎರಡು ಮರದ ದಿಮ್ಮಿ, ಮತ್ತೆ ಅವನ ಜೀವವೆಲ್ಲ ತುಂಬಿಕೊಂಡಿದ್ದ ಒಂದು ಹಸಿರು ಬಣ್ಣದ ಸಾಮಾನಿನ ಪೆಟ್ಟಿಗೆ. ಪೇಟೆಬೀದಿಯಲ್ಲಿ ಅವನಿಗೆ ಮಳಿಗೆ ಕೊಡುವವರು ಇರಲಿಲ್ಲ. ಯಾಕೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅವನೂ ಕೇಳಲಿಲ್ಲ. ಅವನು ಹುಟ್ಟಿದ ಕೇರಿ ಯಾವುದು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅಷ್ಟೇ. ಗಾಡಿ ಮಾತ್ರ ಅವನ ಹತ್ತಿರವೇ ಬರಬೇಕಾಗಿತ್ತು. ಅರಕಲಗೂಡಿನಿಂದ, ಚನ್ನರಾಯಪಟ್ಟಣದಿಂದ ಕೂಡ ಬರುತ್ತಿದ್ದವು.

ಅವನ ಅಪ್ಪ ಮಂಚಯ್ಯ ಎತ್ತಿನ ಗಾಡಿಗಳಿಗೆ ಬ್ರೇಕಿನ ಮರ ಕೆತ್ತುತ್ತಿದ್ದ. ಭಾರ ಹೇರಿದ ಗಾಡಿ ಇಳಿಜಾರಿನಲ್ಲಿ ಎತ್ತುಗಳ ಮೇಲೆ ನುಗ್ಗದಂತೆ ಚಕ್ರಕ್ಕೆ ಒತ್ತಿಹಿಡಿಯುವ ಜಾಲಿಮರದ ಕೊರಡು ಅದು. ಹೊಸ ಕೊರಡು ಕೂರಿಸಿದ ದಿನ ಮಂಚಯ್ಯ ಮಾಡುತ್ತಿದ್ದ ಒಂದು ಕೆಲಸ ಊರಿಗೆಲ್ಲ ಪ್ರಸಿದ್ಧವಾಗಿತ್ತು. ಗಾಡಿಯನ್ನು ಇಳಿಜಾರಿನ ಮೇಲಕ್ಕೆ ಕಳಿಸಿ, ತಾನು ಕೆಳಗೆ ನಡುದಾರಿಯಲ್ಲಿ ನಿಲ್ಲುತ್ತಿದ್ದ. ನಿಂತು, ಹೊಡಿ ಎನ್ನುತ್ತಿದ್ದ. ಬ್ರೇಕು ಕೂರಿಸಿದವನೇ ಎದುರು ನಿಲ್ಲಬೇಕು, ಇನ್ನೊಬ್ಬರ ಮಕ್ಕಳ ಮೇಲೆ ಪರೀಕ್ಷೆ ಮಾಡಬಾರದು ಅನ್ನುವುದು ಅವನ ನೇಮ.

ಐವತ್ತೆರಡರಲ್ಲಿ ಕೆಂಚಯ್ಯ ಹಾಸನಕ್ಕೆ ಹೋಗಿ ಒಂದು ಬಸ್ಸಿನ ಷೆಡ್ಡು ಸೇರಿದ. ಸೇರಿದ್ದು ಬಸ್ಸು ತೊಳೆಯಲು. ಷೆಡ್ಡಿನ ಒಳಗಿನ ನೀರಿನ ಗುಡಾಣವನ್ನು ಅವನು ಮುಟ್ಟುವಂತಿರಲಿಲ್ಲ, ಹೊರಗಿನ ನಲ್ಲಿಯೇ ಗತಿ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆದರೆ ನೋಡಿ, ಬ್ರೇಕಿನ ಕೆಲಸ ಅಲ್ಲಿ ಯಾರಿಗೂ ಬೇಡವಾಗಿತ್ತು. ಚಕ್ರದ ಕೆಳಗೆ ಮೈ ಮುದುಡಿ ಕೂರಬೇಕು, ಡ್ರಮ್ಮು ಬಿಚ್ಚಿದರೆ ಕರಿ ಧೂಳು ಮುಖಕ್ಕೆ ರಾಚುತ್ತದೆ, ಎರಡು ದಿನ ಕೆಮ್ಮು. ಬೇಡವಾದ ಕೆಲಸವನ್ನೆಲ್ಲ ಅವನ ತಲೆಗೆ ಕಟ್ಟಿದರು. ಎಂಟು ವರ್ಷದಲ್ಲಿ ಆ ಷೆಡ್ಡಿನ ಬಸ್ಸುಗಳು ಶಿರಾಡಿ ಘಾಟಿ ಇಳಿಯಬೇಕಾದರೆ ಡ್ರೈವರುಗಳು ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಇದಕ್ಕೆ ಬ್ರೇಕು ಹಾಕಿದ್ದು ಕೆಂಚಯ್ಯನೋ, ಬೇರೆಯವರೋ?

ಊರಿಗೆ ವಾಪಸ್ಸು ಬಂದ ಮೇಲೆ ಮೂರು ಚಕ್ರದ ಗಾಡಿಗಳು ಬಂದವು. ಅವನು ಕೆಲಸ ಮಾಡುವುದನ್ನು ನೋಡಬೇಕಿತ್ತು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಚಕ್ರ ಬಿಚ್ಚಿ, ಡ್ರಮ್ಮನ್ನು ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಎಳೆಯುತ್ತಿದ್ದ. ಒಳಗೆ ಅರ್ಧಚಂದ್ರದ ಹಾಗಿರುವ ಎರಡು ಬ್ರೇಕ್ ಷೂ, ಅವುಗಳ ಬೆನ್ನಿಗೆ ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಪಟ್ಟಿ, ಸವೆದುಹೋದದ್ದು. ಪಟ್ಟಿ ಹಿಡಿದಿರುವ ಹಳೆಯ ರಿವೆಟ್ಟುಗಳನ್ನು ಉಳಿಯಿಂದ ಕಿತ್ತು, ಹೊಸ ಪಟ್ಟಿಯನ್ನು ಕೂರಿಸಿ, ತಾಮ್ರದ ರಿವೆಟ್ಟನ್ನು ಮೊದಲು ನಡುವೆ ಬಡಿದು ಆಮೇಲೆ ಎರಡೂ ತುದಿಯ ಕಡೆ ಹೋಗುತ್ತಿದ್ದ. ತುದಿಯಿಂದ ಶುರುಮಾಡಿದರೆ ಪಟ್ಟಿಯ ನಡು ಉಬ್ಬುತ್ತದೆ, ಉಬ್ಬಿದ್ದು ಒಂದು ದಿನ ಸೀಳುತ್ತದೆ. ಪ್ರತಿ ರಿವೆಟ್ಟಿನ ತಲೆಯ ಮೇಲೂ ಉಗುರು ಎಳೆದು, ಅದು ಪಟ್ಟಿಯೊಳಗೆ ಮುಳುಗಿದೆಯೋ ಇಲ್ಲವೋ ನೋಡುತ್ತಿದ್ದ. ಅವಸರ ಮಾಡಿದವರಿಗೆ ಬೈಯುತ್ತಿರಲಿಲ್ಲ, ಕೆಲಸ ನಿಲ್ಲಿಸಿ ಎಲೆಯಡಿಕೆ ಹಾಕಿಕೊಂಡು ಕೂರುತ್ತಿದ್ದ. ಅವಸರ ತಾನಾಗಿ ಇಳಿಯುತ್ತಿತ್ತು.

ಎಲ್ಲ ಮುಗಿದ ಮೇಲೆ ಅಪ್ಪನ ನೇಮ. ಇಳಿಜಾರಿನ ಕೆಳಗೆ ರಸ್ತೆಗೆ ಅಡ್ಡಲಾಗಿ ಸುಣ್ಣದ ಕಲ್ಲಿನಲ್ಲಿ ಒಂದು ಗೆರೆ ಎಳೆಯುತ್ತಿದ್ದ. ಗೆರೆಯಿಂದ ಒಂದು ಮೊಳ ಆಚೆ ಕೈಕಟ್ಟಿ ನಿಲ್ಲುತ್ತಿದ್ದ. ಡ್ರೈವರು ಮೇಲಿನಿಂದ ಗಾಡಿ ಬಿಟ್ಟುಕೊಂಡು ಬಂದು ಗೆರೆಯ ಈಚೆಗೆ ನಿಲ್ಲಿಸಬೇಕು. ಎಷ್ಟೋ ಡ್ರೈವರುಗಳು ಬೆವತು ನೀರಾಗುತ್ತಿದ್ದರು. ಕೆಂಚಯ್ಯ ಮಾತ್ರ ಬಸ್ಸಿಗೆ ಕಾಯುವವನ ಹಾಗೆ ನಿಂತಿರುತ್ತಿದ್ದ. ಊರು ಬೆರಗಾಗಿ ನೋಡುತ್ತಿತ್ತು. ಇಂಥ ಗಂಡೆದೆ ಯಾರಿಗುಂಟು ಎಂದು ಮಾತಾಡಿಕೊಳ್ಳುತ್ತಿತ್ತು. ಅವನಿಗೂ ಅದು ಇಷ್ಟವಾಗುತ್ತಿತ್ತು, ಸುಳ್ಳು ಯಾಕೆ ಹೇಳಬೇಕು.

ಆ ವರ್ಷ ಕಾರ್ತೀಕದಲ್ಲಿ ಬೆಲ್ಲದ ಮಂಡಿಯ ಚನ್ನಬಸವಯ್ಯನವರ ಗಾಡಿ ಬಂತು. ಚನ್ನಬಸವಯ್ಯ ಜೋರು ಬಾಯಿನ ಮನುಷ್ಯ, ಕೆಟ್ಟವರಲ್ಲ, ಆದರೆ ಬಾಯಿ ಮೊದಲು, ಯೋಚನೆ ಆಮೇಲೆ. ಅವರ ಗಾಡಿ ಓಡಿಸುತ್ತಿದ್ದವನು ದೇವರಾಜು. ಅವನು ಹದಿನೈದು ವರ್ಷ ಆ ಮನೆಯ ಎತ್ತಿನ ಗಾಡಿ ಹೊಡೆದವನು. ಎತ್ತು ಮಾರಿ ಮೋಟಾರು ತಂದಾಗ ಧಣಿಗಳು ಅವನನ್ನೇ ಹಾಸನಕ್ಕೆ ಕಳಿಸಿ ಓಡಿಸುವುದನ್ನು ಕಲಿಸಿದ್ದರು. ಕಲಿತದ್ದೇನೋ ಕಲಿತ, ಆದರೆ ಒಳಗಿನ ಗಾಡಿಯವನು ಹೋಗಿರಲಿಲ್ಲ. ದಿಬ್ಬ ಬಂದರೆ ನಾಲಿಗೆಯಿಂದ ಟಕಟಕ ಸದ್ದು ಮಾಡುತ್ತಿದ್ದ, ಸಾಯಂಕಾಲ ಗಾಡಿ ನಿಲ್ಲಿಸಿ ಅದರ ಬೆನ್ನು ತಟ್ಟದೆ ಮನೆಗೆ ಹೋಗುತ್ತಿರಲಿಲ್ಲ.

ಕೆಂಚಯ್ಯ ಮೂರೂ ಚಕ್ರಕ್ಕೆ ಹೊಸ ಲೈನರ್ ಹಾಕಿದ, ಗೆರೆ ಎಳೆದು ಎದುರು ನಿಂತ, ಗಾಡಿ ನಿಂತಿತು. ಎರಡು ದಿನ ಜೋರಾಗಿ ಬ್ರೇಕು ಒತ್ತಬೇಡ ಎಂದು ಹೇಳಿ ಕಳಿಸಿದ. ಹೊಸ ಲೈನರು ಡ್ರಮ್ಮಿಗೆ ಹೊಂದಿಕೊಳ್ಳುವವರೆಗೆ ನಾಲ್ಕು ದಿನ ಕೀಚ್ ಎಂದು ಕಿರುಚುತ್ತದೆ, ಅದು ಸಹಜ ಎಂದು ಮಾತ್ರ ಹೇಳಲಿಲ್ಲ. ಅದೊಂದು ಹೇಳುವ ಮಾತೆಂದೇ ಅವನಿಗೆ ಅನ್ನಿಸಲಿಲ್ಲ.

ಮಾರನೆಯ ದಿನ ದೇವರಾಜು ಪೇಟೆಬೀದಿಯಲ್ಲಿ ಎಲ್ಲಿ ಗಾಡಿ ನಿಲ್ಲಿಸಿದರೂ ಅದು ಕಿರುಚಿತು. ಎತ್ತಿನ ಗಾಡಿ ಹೊಡೆದವರಿಗೆ ಮಾತ್ರ ಗೊತ್ತು ಅದೆಂಥ ಅವಮಾನ ಎಂದು. ಚಕ್ರ ಕಿರುಗುಟ್ಟಿದರೆ ಗಾಡಿಯವನು ಸೋಮಾರಿ, ಅಚ್ಚಿಗೆ ಕೀಲೆಣ್ಣೆ ಹಾಕದ ದಂಡಪಿಂಡ ಅಂತಲೇ ಲೆಕ್ಕ. ಅಂಗಡಿಯವರು ಬೇರೆ ಆಡಿಕೊಂಡರು, ಏನು ದೇವರಾಜು, ಧಣಿಗಳ ಮನೆಯಲ್ಲಿ ಎಣ್ಣೆಗೂ ಗತಿಯಿಲ್ಲವೇ ಎಂದು. ಅವನ ಮುಖ ಸಣ್ಣದಾಯಿತು. ಆ ಸಾಯಂಕಾಲವೇ ಒಂದು ಬಟ್ಟಲು ಹರಳೆಣ್ಣೆ ಹೊಂದಿಸಿಕೊಂಡು, ಸುಟ್ಟ ಹುಲ್ಲಿನ ಮಸಿ ಕಲಸಿ, ಹದವಾಗಿ ಕೀಲೆಣ್ಣೆ ಮಾಡಿದ. ಕೆಂಚಯ್ಯ ಬ್ರೇಕು ಬಿಗಿಮಾಡಲು ಡ್ರಮ್ಮಿನ ಸಣ್ಣ ತೂತಿನಲ್ಲಿ ತಿರುಪುಳಿ ಹಾಕುವುದನ್ನು ಅವನು ನೋಡಿದ್ದ. ಅದೇ ತೂತಿನಲ್ಲಿ ತನ್ನ ಮನೆಯ ಹುಂಜದ ಪುಕ್ಕ ಅದ್ದಿ ಅದ್ದಿ, ಮೂರೂ ಚಕ್ರಕ್ಕೆ ಒಂದಕ್ಕೂ ಕಮ್ಮಿಯಾಗದಂತೆ ಎಣ್ಣೆ ಉಣಿಸಿದ. ಕಿರುಚಾಟ ನಿಂತೇಹೋಯಿತು. ಬೆನ್ನು ತಟ್ಟಿ ಹಾಯಾಗಿ ಮನೆಗೆ ಹೋದ.

ಬೆಳಿಗ್ಗೆ ಚನ್ನಬಸವಯ್ಯನವರ ಹೆಂಡತಿ ನೀಲಾಂಬಿಕೆಯನ್ನು ಕೂರಿಸಿಕೊಂಡು ಹೊಳೆದಡದ ತೆಂಗಿನ ತೋಟಕ್ಕೆ ಹೊರಟ. ಇಳಿಜಾರಿನಲ್ಲಿ ಬ್ರೇಕು ಒತ್ತಿದ. ಪೆಡಲು ಗಟ್ಟಿಯಾಗಿಯೇ ಇತ್ತು, ಚಕ್ರ ಮಾತು ಕೇಳಲಿಲ್ಲ. ಇನ್ನೂ ಒತ್ತಿದ. ಗಾಡಿ ಜಾರುತ್ತಲೇ ಹೋಯಿತು. ದೇವರಾಜು ಗಾಬರಿಯಲ್ಲಿ ಎತ್ತುಗಳಿಗೆ ಕೂಗುವ ಹಾಗೆ ಹೋ ಹೋ ಎಂದು ಕೂಗಿಕೊಂಡನಂತೆ. ಪುಣ್ಯಕ್ಕೆ ರಸ್ತೆಯ ಪಕ್ಕ ಹುಲ್ಲಿನ ಮೆದೆಯೊಂದಿತ್ತು, ಅದಕ್ಕೆ ನುಗ್ಗಿಸಿದ. ಇಬ್ಬರೂ ಉಳಿದರು. ನೀಲಾಂಬಿಕೆಯ ಬಳೆಗಳು ಚೂರಾಗಿ, ಬಲಗೈ ಮಣಿಕಟ್ಟು ಉಳುಕಿತು.

ಚನ್ನಬಸವಯ್ಯ ಹುಣಸೆಮರದ ಕೆಳಗೆ ಬಂದು ನಿಂತಾಗ ಅವರ ಹಿಂದೆ ಅರ್ಧ ಪೇಟೆಯೇ ಇತ್ತು. ಬಾಯಿಗೆ ಬಂದಂತೆ ಬೈದರು. ಮರದ ಕೊರಡು ಕೆತ್ತುವವನ ಮಗನಿಗೆ ಮೋಟಾರು ಮುಟ್ಟುವ ಯೋಗ್ಯತೆ ಎಲ್ಲಿಂದ ಬರಬೇಕು ಎಂದರು. ಉಳಿದ ಮೂರು ಗಾಡಿಯವರಿಗೂ ಹೇಳುತ್ತೇನೆ, ನಾಳೆಯಿಂದ ಒಂದು ಚಕ್ರವೂ ಈ ಮರದ ಕೆಳಗೆ ಬರುವುದಿಲ್ಲ ಎಂದರು. ಅವರು ಹೇಳಿದರೆ ಹಾಗೆಯೇ ಆಗುತ್ತಿತ್ತು. ಬ್ರೇಕು ಕೆಂಚಯ್ಯ ಅಂದರೆ ಹದಿನಾಲ್ಕು ವರ್ಷ ಧೂಳು ಕುಡಿದು ಸಂಪಾದಿಸಿದ ಹೆಸರು ಅದು. ಅದು ಹೋದರೆ ಅವನಿಗೆ ಉಳಿಯುವುದು ಯಾರದೋ ಗದ್ದೆಯ ಕೂಲಿ.

"ಚಕ್ರ ಬಿಚ್ಚಿ ನೋಡ್ತೀನಿ ಸಾ. ಆಮೇಲೆ ನೀವು ಏನು ಮಾಡಿದ್ರೂ ಸರಿ," ಎಂದ. ಬೇರೆಯವರು ಚನ್ನಬಸವಯ್ಯನವರನ್ನು ಬುದ್ಧಿ ಅನ್ನುತ್ತಿದ್ದರು. ಕೆಂಚಯ್ಯ ಹಾಸನದಿಂದ ಬಂದ ಮೇಲೆ ಯಾರನ್ನೂ ಹಾಗೆ ಕರೆದಿರಲಿಲ್ಲ.

ಗುಂಪಿನ ಸಮೇತ ಇಳಿಜಾರಿಗೆ ಹೋಗಿ, ಮೆದೆಯ ಪಕ್ಕದಲ್ಲೇ ಗಾಡಿಯನ್ನು ಎತ್ತಿ ನಿಲ್ಲಿಸಿ ಡ್ರಮ್ಮು ಎಳೆದ. ಎಳೆದದ್ದೇ ತಡ, ವಾಸನೆ ಮೂಗಿಗೆ ಬಡಿಯಿತು. ಹುಟ್ಟಿದಾಗಿನಿಂದ ಮೂಸಿದ ಕೀಲೆಣ್ಣೆ, ಗುರುತು ಸಿಗದೆ ಇರುತ್ತದೆಯೇ? ಲೈನರು ಕುಡಿದು ಕುಡಿದು ಮಿರಮಿರ ಮಿಂಚುತ್ತಿತ್ತು. ಎಣ್ಣೆ ಕುಡಿದ ಪಟ್ಟಿ ಡ್ರಮ್ಮನ್ನು ಹಿಡಿಯುವುದಿಲ್ಲ, ಜಾರುತ್ತದೆ. ಪಟ್ಟಿಯ ಅಂಚಿಗೆ ಕೆಂಪು ಪುಕ್ಕದ ಎಳೆಯೊಂದು ಅಂಟಿಕೊಂಡಿತ್ತು. ಕೆಂಚಯ್ಯ ತಲೆಯೆತ್ತಿ ನೋಡಿದ. ಚಕ್ರದ ಪಕ್ಕಕ್ಕೇ ಬಂದು ನಿಂತಿದ್ದ ದೇವರಾಜು ಆ ಪುಕ್ಕವನ್ನೇ ನೋಡುತ್ತಿದ್ದ. ತಾನೇನು ಮಾಡಿದೆ ಎಂಬುದು ಅವನಿಗೂ ಆ ಗಳಿಗೆಯಲ್ಲೇ ಗೊತ್ತಾಗಿತ್ತು.

ಒಂದು ಮಾತು ಸಾಕಾಗಿತ್ತು. ಪುಕ್ಕವನ್ನು ಎತ್ತಿ ಹಿಡಿದಿದ್ದರೆ ಸಾಕಾಗಿತ್ತು. ಕೆಂಚಯ್ಯ ಅದನ್ನು ಹೆಬ್ಬೆರಳಿನಿಂದ ಒರೆಸಿ, ಮುಷ್ಟಿಯಲ್ಲಿ ಹೊಸಕಿ, ಎದ್ದು ನಿಂತ.

"ಡ್ರಮ್ಮಿಗೆ ಎಣ್ಣೆ ಇಳಿದದೆ ಸಾ. ಇಳೀದಂಗೆ ನೋಡ್ಕಬೇಕಾಗಿದ್ದೋನು ನಾನು. ತಪ್ಪು ನಂದೇ."

ಸಿಕ್ಕಿಬಿದ್ದನಲ್ಲ ಎನ್ನುವಂತೆ ಚನ್ನಬಸವಯ್ಯ ಸುತ್ತ ನೋಡಿದರು. ಗಾಡಿಯನ್ನು ಹಾಸನಕ್ಕೆ ಕಳಿಸುತ್ತೇನೆ ಎಂದರು. ಅಷ್ಟರಲ್ಲಿ ಅರಿಸಿನ ಹಚ್ಚಿ ಬಟ್ಟೆ ಕಟ್ಟಿದ್ದ ಕೈಯನ್ನು ಎದೆಗೆ ಹಿಡಿದುಕೊಂಡು ನೀಲಾಂಬಿಕೆ ಮುಂದೆ ಬಂದರು. ಏಟು ತಿಂದವಳು ನಾನು, ನನ್ನ ಮಾತೂ ಕೇಳಿ ಎಂದರು. ಹಾಸನದಲ್ಲಿ ಯಾವ ಮೆಕ್ಯಾನಿಕ್ಕು ತಾನು ಹಾಕಿದ ಬ್ರೇಕಿನ ಎದುರು ನಿಲ್ಲುತ್ತಾನೆ? ಇವನು ನಿಲ್ಲುತ್ತಾನೆ. ಇವನೇ ಸರಿಮಾಡಿ ಎಲ್ಲರ ಮುಂದೆ ನಿಂತು ತೋರಿಸಲಿ ಎಂದರು. ಚನ್ನಬಸವಯ್ಯ ಹೆಂಡತಿಯ ಮಾತಿಗೆ ಎದುರಾಡುವವರಲ್ಲ. ಬುಧವಾರ ಎಂದರು. ಗಾಡಿ ಆ ಗೆರೆಯನ್ನು ಒಂದು ಬೆರಳು ದಾಟಿದರೂ ಹಸಿರು ಪೆಟ್ಟಿಗೆ ಹೊಳೆಪಾಲು, ನೀನು ಊರುಬಿಡು ಎಂದರು.

ಆವತ್ತು ಕೆಂಚಯ್ಯನ ಹೆಂಡತಿ ಹೊನ್ನಕ್ಕ ಒಲೆಯ ಮುಂದೆ ಕೂತು ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ಪುಕ್ಕದ ವಿಷಯವನ್ನು ಅವನು ಅವಳೊಬ್ಬಳಿಗೆ ಹೇಳಿದ್ದ. ಆ ದೇವರಾಜುವಿನ ಕೆಲಸ ಉಳಿಸಲು ಹೋಗಿ ನಮ್ಮ ಅನ್ನ ಕಳೆಯುತ್ತೀಯಲ್ಲ, ನಿನಗೇನು ಬಂದಿದೆ ರೋಗ ಎಂದಳು. ಕೆಂಚಯ್ಯ ಉಂಡು ಮುಗಿಸಿ ತಟ್ಟೆ ಬದಿಗಿಟ್ಟ.

"ನಾಕು ದಿನ ಕಿರುಚ್ತದೆ, ಎಣ್ಣೆ ಆಕ್ಬ್ಯಾಡ ಅಂತ ನಾನೊಂದು ಮಾತು ಏಳಿದ್ರೆ ಅವನು ಆಕ್ತಿರ್ನಿಲ್ಲ ಕಣೆ," ಎಂದ ಕೊನೆಗೆ. "ನಂಗೆ ಗೊತ್ತಿತ್ತು. ಅವನಿಗೆ ಗೊತ್ತಿರ್ನಿಲ್ಲ."

ಹೊನ್ನಕ್ಕ ಒಲೆಯ ಬೆಂಕಿ ಕೆದಕಿದಳು. ಆಮೇಲೆ, "ಅಂಗಾದ್ರೆ ಓಗಿ ನಿಂತ್ಕೊ. ನಾನೂ ಬತ್ತೀನಿ ನೋಡಕ್ಕೆ," ಎಂದಳು. ಎಣ್ಣೆ ಕುಡಿದ ಲೈನರನ್ನು ಉಳಿಸುವ ಹಾಗಿರಲಿಲ್ಲ. ಅವನು ಮಂಗಳವಾರ ಮೊದಲ ಬಸ್ಸಿಗೆ ಹಾಸನಕ್ಕೆ ಹೋಗಿ ಹೊಸ ಪಟ್ಟಿ ತಂದ. ಡ್ರಮ್ಮುಗಳನ್ನು ಪೆಟ್ರೋಲಿನಲ್ಲಿ ಮೂರು ಸಲ ತೊಳೆದು ಮೂಸಿ ನೋಡಿದ. ಬುಧವಾರ ಬೆಳಗಿನ ಹೊತ್ತಿಗೆ ಕೊನೆಯ ರಿವೆಟ್ಟಿನ ಮೇಲೆ ಉಗುರು ಎಳೆದಾಗಿತ್ತು.

ಜನ ಇಳಿಜಾರಿನ ಎರಡೂ ಕಡೆ ನೆರೆದರು. ಹೊನ್ನಕ್ಕ ಹಸಿರು ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕೆಳಗೆ ನಿಂತಳು. ಕೆಂಚಯ್ಯ ಗೆರೆ ಎಳೆದು, ಒಂದು ಮೊಳ ಆಚೆ ಹೋಗಿ ಕೈಕಟ್ಟಿ ನಿಂತ. ಮೇಲೆ ದೇವರಾಜು ಇಂಜಿನ್ನು ಸ್ಟಾರ್ಟು ಮಾಡಿದ. ಗಾಡಿ ಗುಡುಗುಡು ಅಂದಿತು, ಹೊರಡಲಿಲ್ಲ. ಎಲ್ಲರೂ ಕುತ್ತಿಗೆ ಉದ್ದಮಾಡಿ ನೋಡಿದರು. ಇಂಜಿನ್ನು ನಿಂತಿತು. ದೇವರಾಜು ಕೆಳಗಿಳಿದು, ಗಾಡಿಯನ್ನು ಅಲ್ಲೇ ಬಿಟ್ಟು, ಇಳಿಜಾರಿನಲ್ಲಿ ನಡೆದುಕೊಂಡು ಬಂದ. ಗೆರೆಯ ಹತ್ತಿರ ಬಂದು ಧಣಿಗಳ ಕಡೆ ತಿರುಗಿದ.

"ಎಣ್ಣೆ ಆಕ್ದೋನು ನಾನು ಬುದ್ಧಿ. ಕಿರುಚ್ತಿತ್ತು, ಕೀಲೆಣ್ಣೆ ಆಕ್ಬುಟ್ಟೆ. ಈ ಅಣ್ಣಂಗೆ ಗೊತ್ತಿತ್ತು. ಗೊತ್ತಿದ್ದೂ ಏಳ್ನಿಲ್ಲ."

ಚನ್ನಬಸವಯ್ಯನವರ ಮುಖ ಕೆಂಪಗಾಯಿತು. ಕೈಯೆತ್ತಿಕೊಂಡು ಮುಂದೆ ಬಂದವರನ್ನು ನಿಲ್ಲಿಸಿದ್ದು ನೀಲಾಂಬಿಕೆ. ಹರಳೆಣ್ಣೆ ನಮ್ಮ ಅಡಿಗೆಮನೆಯದು, ಆ ಕಿರುಚಾಟಕ್ಕೆ ಕಿವಿ ತೂತಾಗುತ್ತಿದೆ ಎಂದು ಬಟ್ಟಲು ತುಂಬ ಬಿಸಿ ಮಾಡಿ ಕೊಟ್ಟವಳು ನಾನೇ, ಬೈಯುವುದಾದರೆ ಮೊದಲು ನನ್ನನ್ನು ಬೈಯಿರಿ ಎಂದರು. ಎಣ್ಣೆ ಇಳಿದಿದೆ ಎಂದು ಕೇಳಿದ ದಿನವೇ ಹೇಳಬೇಕಾಗಿತ್ತು, ಬಾಯಿ ಬರಲಿಲ್ಲ ಎಂದೂ ಅಂದರು. ಎತ್ತಿದ ಕೈಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಚನ್ನಬಸವಯ್ಯ ತಲೆ ಕೆರೆದುಕೊಂಡರು. ಗುಂಪಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ದೇವರಾಜು ಗೆರೆ ದಾಟಿ ಕೆಂಚಯ್ಯನ ಪಕ್ಕ ಬಂದು ನಿಂತ. "ನೀನು ಓಡ್ಸಣ್ಣ. ಇವತ್ತು ನಾನು ನಿಂತ್ಕತೀನಿ."

ಕೆಂಚಯ್ಯ ಬೇಡ ಎಂದ. ಗದರಿದ. ತೋಳು ಹಿಡಿದು ಎಳೆದ. ದೇವರಾಜು ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ಬೇರೆ ದಾರಿ ಕಾಣದೆ ಕೆಂಚಯ್ಯ ದಿಬ್ಬ ಹತ್ತಿ ಗಾಡಿಯಲ್ಲಿ ಕೂತ. ಓಡಿಸುವುದು ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಆದರೆ ಎದುರಿಗೆ ಒಂದು ಜೀವವನ್ನು ನಿಲ್ಲಿಸಿಕೊಂಡು ಆ ಸೀಟಿನಲ್ಲಿ ಅವನು ಯಾವತ್ತೂ ಕೂತಿರಲಿಲ್ಲ.

ಗಾಡಿ ಇಳಿಯತೊಡಗಿತು. ಒಳಗಿನ ಒಂದೊಂದು ರಿವೆಟ್ಟೂ ಅವನಿಗೆ ಗೊತ್ತಿತ್ತು. ಯಾವುದು ಎಷ್ಟು ಏಟು ತಿಂದಿದೆ ಎಂಬುದೂ ಗೊತ್ತಿತ್ತು. ಬ್ರೇಕು ಹಿಡಿಯುತ್ತದೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಆದರೂ ಕೆಳಗೆ ಬಿಳಿಯ ಗೆರೆ, ಅದರಾಚೆ ಕಣ್ಣು ಮುಚ್ಚಿಕೊಂಡು ನಿಂತ ದೇವರಾಜು ದೊಡ್ಡವನಾಗುತ್ತಾ ಬಂದಂತೆ ಕೆಂಚಯ್ಯನ ಬಾಯಿ ಒಣಗಿತು. ಅವನು ತಡೆದುಕೊಳ್ಳಲಾರದೆ ಪೆಡಲು ಒತ್ತಿಬಿಟ್ಟ. ಗಾಡಿ ಕೀಚ್ ಎಂದು ಕಿರುಚಿ, ಗೆರೆಗೆ ಇನ್ನೂ ಹತ್ತು ಮಾರು ಇರುವಾಗಲೇ ಗಕ್ಕನೆ ನಿಂತಿತು.

ಜನ ಹೋ ಎಂದು ನಕ್ಕರು. ಬ್ರೇಕು ಕೆಂಚಯ್ಯನೇ ಹೆದರಿದ ಎಂದರು. ಅವನಿಗೆ ಅದು ಕೇಳಿಸಲೂ ಇಲ್ಲ. ಇಳಿದು, ನಡೆದು ಬಂದು ದೇವರಾಜುವಿನ ಭುಜ ಹಿಡಿದುಕೊಂಡ. ಹಿಡಿದದ್ದು ಅವನಿಗೆ ಧೈರ್ಯ ಹೇಳಲಿಕ್ಕಲ್ಲ, ತನಗೆ ನಿಲ್ಲಲಾಗದೆ. ಅವನ ಕಣ್ಣು ತುಂಬಿತ್ತು. ಊರಿನ, ಅರಕಲಗೂಡಿನ, ಚನ್ನರಾಯಪಟ್ಟಣದ ಅಷ್ಟೊಂದು ಡ್ರೈವರುಗಳು ಬೆವತು ನೀರಾದ ಮುಖ ಒಂದೊಂದಾಗಿ ಎದುರಿಗೆ ಬರುತ್ತಿತ್ತು.

"ನಿಂತೋನಿಗೆ ಏನೂ ಇಲ್ಲ ಕಣ್ಲಾ ದೇವ್ರಾಜು," ಎಂದ. "ಕಷ್ಟವೆಲ್ಲ ಕೂತೋನಿಗೆ. ಇಷ್ಟು ವರ್ಸ ನಂಗೆ ಗೊತ್ತೇ ಆಗ್ನಿಲ್ವಲ್ಲ."

ಚನ್ನಬಸವಯ್ಯ ಕೆಮ್ಮಿದರು. ಪಂಚೆ ಎತ್ತಿಕಟ್ಟಿ ಹೋಗಿ ಗಾಡಿಯ ಹಿಂದಿನ ಸೀಟಿನಲ್ಲಿ ಹೆಂಡತಿಯನ್ನು ಕೂರಿಸಿ, ಪಕ್ಕದಲ್ಲಿ ತಾವೂ ಕೂತರು. ತೋಟಕ್ಕೆ ಹೊತ್ತಾಯಿತು ಎಂದು ದೇವರಾಜುವಿಗೆ ಗದರಿದರು. ಗಾಡಿ ಹೊರಡುವ ಮುಂಚೆ ಟಾಪಿನಿಂದ ತಲೆ ಹೊರಗೆ ಹಾಕಿ, "ಎಷ್ಟು ದಿನ ಕಿರುಚ್ತದೆ ಕೆಂಚಯ್ಯ?" ಎಂದು ಕೇಳಿದರು. ಅವತ್ತಿನವರೆಗೆ ಅವರ ಬಾಯಲ್ಲಿ ಅವನು ಬರೀ ಕೆಂಚ.

"ನಾಕು ದಿನ ಸಾ. ಕಿರುಚ್ಲಿ ಬುಡಿ."

ಗಾಡಿ ಹೊಳೆಯ ಕಡೆ ಇಳಿದುಹೋಯಿತು. ಜನವೂ ಕರಗಿತು. ಹೊನ್ನಕ್ಕ ಹಸಿರು ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ದಿಬ್ಬ ಹತ್ತಿದಳು. ಕೆಂಚಯ್ಯ ರಸ್ತೆಯಲ್ಲಿ ಒಬ್ಬನೇ ಉಳಿದ. ಅಪ್ಪನ ಕಾಲದಿಂದ ಬಂದ ನೇಮವಲ್ಲವೇ, ಅದಕ್ಕೆ ಸ್ವಲ್ಪ ಹೊತ್ತು ನೋಡುತ್ತಾ ನಿಂತ. ಆಮೇಲೆ ಚಪ್ಪಲಿ ಬಿಟ್ಟು, ಬರಿಗಾಲಿನಿಂದ ಆ ಸುಣ್ಣದ ಗೆರೆಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಉಜ್ಜಿ ಅಳಿಸಿದ. ಮತ್ತೆ ಅಲ್ಲಿ ಗೆರೆ ಎಳೆಯಲಿಲ್ಲ.